ಓರ್ಲಿನ್‌ನ ಕೋಣೆಯ ಎರಡನೇ ಕುರ್ಚಿ

ಗ್ರ್ಯಾಂಡ್ ಫೋರ್ಕ್ಸ್
28 ಜನವರಿ 1998, ಬುಧವಾರ

ಪ್ರೀತಿಯ ಜೋಲೀನ್‌ಗೆ, ಆರ್ಡಿಸ್ ದೊಡ್ಡಮ್ಮನ ನೆನಪುಗಳು.

ಮೊದಲು ಎಲ್ಲರೂ ಹೇಗಿದ್ದೀರಿ ಹೇಳು. ನಿನ್ನಮ್ಮ ಲಾವೊನ್‌ಳ ಮೊಣಕಾಲು ಈ ಚಳಿಗೆ ಏನನ್ನುತ್ತಿದೆ? ಅವಳನ್ನೇ ಕೇಳಿದರೆ ಚೆನ್ನಾಗಿದೆ ಎಂದುಬಿಡುತ್ತಾಳೆ, ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ. ನಿನ್ನ ಗಂಡ ಡ್ವೇನ್‌ನ ಬೆನ್ನುನೋವು ಇಳಿಯಿತೇ? ಟೆಸ್ಸಾಳ ಕಿವಿ ಸೋರುವುದು ನಿಂತಿತೇ? ಪುಟ್ಟ ಕಾಲ್ವಿನ್‌ಗೆ ಮುಂದಿನ ಹಲ್ಲು ಬಂತೋ, ಇನ್ನೂ ಸಿಳ್ಳೆ ಹೊಡೆದ ಹಾಗೇ ಮಾತಾಡುತ್ತಾನೋ? ನಾನು ಆರಾಮ. ನೆರೆ ಇಳಿದು ಒಂಬತ್ತು ತಿಂಗಳಾದರೂ ನೆಲಮಾಳಿಗೆಯ ಕೆಸರು ವಾಸನೆ ಮಾತ್ರ ಹೋಗಿಲ್ಲ. ಮೂವತ್ತೊಂದು ವರ್ಷ ಊರೂರಿಗೆ ನೆಲ ತೊಳೆಯುವ ಸೋಪು ಮಾರಿದವಳ ಮನೆಯೇ ಹೀಗೆ ನಾರುತ್ತದೆ ಎಂದು ಪಕ್ಕದ ಮನೆಯವರು ನಗುತ್ತಾರೆ. ನಗಲಿ.

ನಿನ್ನ ಪತ್ರ ಶನಿವಾರ ಬಂತು. ಮೂರು ಸಲ ಓದಿದೆ. ಮೊದಲ ಸಲ ಸಂತೋಷಕ್ಕೆ. ಎರಡನೇ ಸಲ ಸುಮ್ಮನೆ. ಮೂರನೇ ಸಲ ಪೆನ್ಸಿಲ್ ಹಿಡಿದು.

ಸಿಟ್ಟಾಗಬೇಡ. ನಾನು ತಿರುಗಾಡಿದ ಊರುಗಳಲ್ಲೇ ನೀನೀಗ ತಿರುಗುತ್ತಿದ್ದೀ. ಅದೇ ಶಾಲೆಗಳು, ಅದೇ ಚರ್ಚುಗಳು, ಅದೇ ವೃದ್ಧಾಶ್ರಮ; ಮಾರುವುದೂ ಅದೇ ಮಾಪು, ನೆಲಕ್ಕೆ ಹಚ್ಚುವ ಮೇಣ, ಕೈ ಒರೆಸುವ ಕಾಗದ. ಒಬ್ಬೊಬ್ಬ ಗಿರಾಕಿಯ ಬಾಗಿಲು ಯಾವ ಕಡೆಗೆ ತೆರೆಯುತ್ತದೆ ಎಂಬುದೂ ನನಗೆ ಗೊತ್ತು. ಹಾಗಾಗಿ ನೀನು ಬರೆದದ್ದನ್ನು ಓದುವಾಗ ನಾನೂ ನಿನ್ನ ಹಿಂದೆಯೇ ಒಳಗೆ ಹೋಗುತ್ತೇನೆ. ಹೋದಾಗ ಕೆಲವು ಕಡೆ ಎಡವಿದೆ.

ಲಿಂಡ್‌ವಿಕ್ ಶಾಲೆಯ ಜಾಡಮಾಲಿ ಓರ್ಲಿನ್ ನಿನ್ನನ್ನು ಬಾಯ್ಲರ್ ಕೋಣೆಯಲ್ಲಿ ಕುರ್ಚಿ ಕೊಟ್ಟು ಕೂರಿಸಿ ಮಾತಾಡಿಸಿದ ಎಂದು ಬರೆದಿದ್ದೀ. ಆ ಕೋಣೆಯಲ್ಲಿರುವುದು ಒಂದೇ ಕುರ್ಚಿ, ಜೋಲೀನ್. ಅದು ಓರ್ಲಿನ್‌ನದು. ಶಾಲೆಯ ಮುಖ್ಯೋಪಾಧ್ಯಾಯರು ಬಂದರೂ ಖಾಲಿ ಮೇಣದ ಡಬ್ಬಿ ಬೋರಲು ಹಾಕಿ ಅದರ ಮೇಲೇ ಕೂರಬೇಕು. ನಾನು ಮೊದಲ ಸಲ ಹೋದಾಗ ಅವನು ಡಬ್ಬಿಯನ್ನು ಕಾಲಲ್ಲಿ ಈಚೆ ತಳ್ಳಿ, "ಏನ್ ಮಾರೋಕ್ ಬಂದ್ಯಮ್ಮಾ, ಹಿಮಾನಾ? ನಮ್ಮಲ್ಲಿ ಬೇಕಾದಷ್ಟಿದೆ" ಅಂದಿದ್ದ. ನನಗೆ ಅಳು ಬಂದಿತ್ತು. ಇರಲಿ, ಚಿಕ್ಕ ಪ್ರಾಯದವಳು ಬರುತ್ತಾಳೆಂದು ಮುದುಕ ಈಗ ಇನ್ನೊಂದು ಕುರ್ಚಿ ತಂದಿಟ್ಟಿರಬಹುದು ಎಂದುಕೊಂಡು ಮುಂದೆ ಓದಿದೆ.

ಹದಿನಾಲ್ಕನೇ ತಾರೀಖು ಬುಧವಾರ ಹನ್ನೊಂದು ಗಿರಾಕಿಗಳನ್ನು ಕಂಡೆ ಎಂದು ಹೆಮ್ಮೆಯಿಂದ ಬರೆದಿದ್ದೀ. ಆ ಮಧ್ಯಾಹ್ನ ಒಂದು ಗಂಟೆಗೆ ಹಿಮಗಾಳಿ ಎದ್ದು ಹೆದ್ದಾರಿಗೆ ಗೇಟು ಹಾಕಿ ಸಂಚಾರ ನಿಲ್ಲಿಸಿದ್ದರು. ರೇಡಿಯೊದಲ್ಲಿ ಕೇಳಿದಾಗ ನಿನ್ನದೇ ಚಿಂತೆಯಾಗಿ ನಿನ್ನಮ್ಮನಿಗೆ ಫೋನ್ ಮಾಡಿದ್ದೆ. "ಅವ್ಳಾಗ್ಲೇ ಮನೇಲಿದಾಳೆ ಕಣೇ ಅಕ್ಕಾ, ಮಕ್ಕಳಿಗೆ ಸೂಪು ಮಾಡ್ತಿದಾಳೆ" ಅಂದಳು ಲಾವೊನ್. ಆಗ ನೆಮ್ಮದಿಯಾಗಿತ್ತು. ಈಗ ಲೆಕ್ಕ ಹಾಕಿದರೆ, ಗೇಟು ಬೀಳುವ ಮೊದಲು ನಾಲ್ಕು ಊರು ದಾಟಿ ಹನ್ನೊಂದು ಬಾಗಿಲು ತಟ್ಟುವುದು ಯಾರಿಂದಲೂ ಆಗದ ಕೆಲಸ.

ಇದಿಷ್ಟೇ ಆಗಿದ್ದರೆ ಬರೆಯುತ್ತಿರಲಿಲ್ಲ. ಸೋಮವಾರ ರೋಲಂಡ್ ಫೋನ್ ಮಾಡಿದ. ನಿನಗೆ ಅವನು ಯಜಮಾನ, ನನಗೆ ಟೈ ಕಟ್ಟುವುದನ್ನೂ ನಾನೇ ಕಲಿಸಿದ ಹುಡುಗ. ಹವಾಮಾನ, ಅವನ ಹೆಂಡತಿಯ ಶೀತ ಎಲ್ಲ ಆದ ಮೇಲೆ, "ಅಲ್ಲ ಆರ್ಡಿಸ್ ಅವ್ರೇ, ನಿಮ್ಮ ಕಾಲದಲ್ಲಿ ನೀವು ದಿನಕ್ಕೆ ಎಂಟರ ಮೇಲೆ ಹೋಗಿದ್ದೇ ನೆನಪಿಲ್ಲ ನಂಗೆ. ನಿಮ್ಮ ಹುಡುಗಿ ಹನ್ನೊಂದು, ಹನ್ನೆರಡು ಅಂತ ಬರೀತಾಳಲ್ಲ!" ಎಂದು ನಕ್ಕ. ಆ ನಗು ನನಗೆ ಹಿಡಿಸಲಿಲ್ಲ. ಗಿರಾಕಿ ಬೆಲೆ ಕೇಳುವ ಮುಂಚೆ ನಗುವ ನಗು ಅದು. ನಾನೂ ನಕ್ಕು, "ಅವಳ ಕಾಲು ಉದ್ದ ಕಣಪ್ಪ" ಅಂದೆ. ಆಮೇಲೆ ಅವನು, ಫೆಬ್ರವರಿ ಹತ್ತು, ಮಂಗಳವಾರ, ನಿನ್ನ ಜೊತೆ ಕಾರಿನಲ್ಲಿ ಕೂತು ಬರುವುದಾಗಿ ಹೇಳಿದ. ಕಂಪನಿಯ ಡ್ರಾಯರಿನಿಂದ, ಗಿರಾಕಿಯನ್ನು ಕಂಡಾಗಲೆಲ್ಲ ನೀನು ಬರೆದಿಡುವ ಕಾರ್ಡುಗಳಲ್ಲಿ ನಾಲ್ಕನ್ನು ಎತ್ತಿಕೊಂಡು, ನೀನು ಕಂಡೆ ಎಂದು ಬರೆದವರನ್ನೇ ಅವನೂ ಕಾಣುತ್ತಾನಂತೆ. "ಅವಳಿಗೆ ಹೇಳ್ಬೇಡಿ" ಎಂದೂ ಹೇಳಿದ. ಆಯಿತು ಅಂದೆ.

ಹೇಳುತ್ತಿದ್ದೇನೆ. ಅವನಿಗೆ ಕೊಟ್ಟ ಮಾತು ಮುರಿದೆ.

ಇನ್ನೂ ಒಂದು ಒಪ್ಪಿಕೊಳ್ಳಬೇಕು. ಬರೆಯಬಾರದೆಂದಿದ್ದೆ, ಆದರೆ ನಿನ್ನಿಂದ ನಿಜ ಬೇಕಾದರೆ ನನ್ನದೂ ಹೊರಗೆ ಬರಬೇಕಲ್ಲ. ಆಲೂಗಡ್ಡೆ ರೊಟ್ಟಿಗೆ ಕೆನೆ ಎಷ್ಟು ಹಾಕುತ್ತೀರಿ ಎಂದು ಓರ್ಲಿನ್‌ನ ಹೆಂಡತಿಯನ್ನು ಕೇಳುವ ನೆಪದಲ್ಲಿ ನಿನ್ನೆ ಅವರ ಮನೆಗೆ ಫೋನ್ ಮಾಡಿದೆ. ಎತ್ತಿದವನು ಓರ್ಲಿನ್. ನಮ್ಮ ಹುಡುಗಿ ಬಂದಿದ್ದಳಾ ಎಂದು ಕೇಳಿದೆ. "ನಿಮ್ಮ ಹುಡುಗೀನಾ? ಆ ಕೆಂಪು ಕಾರು? ನೋಡ್ದೆ ನೋಡ್ದೆ. ಕಿಟಕಿ ಎದುರಿಗೇ ಹತ್ತು ನಿಮಿಷ ನಿಂತಿತ್ತು, ಆಮೇಲೆ ಹೊರಟೋಯ್ತು. ಹೋದ ತಿಂಗಳೂ ಹಾಗೇ. ಯಾರೋ ದಾರಿ ತಪ್ಪಿದೋರು ಅನ್ಕೊಂಡೆ. ಮೇಣ ಮುಗಿದು ಹದಿನೈದು ದಿನ ಆಯ್ತು, ಬರೋಕ್ ಹೇಳಿ ಅವಳಿಗೆ, ನಾನೇನ್ ಕಚ್ಚಲ್ಲ" ಅಂದ.

ಹತ್ತು ನಿಮಿಷ ಕಾರಿನೊಳಗೆ ಕೂತು ನೀನೇನು ಮಾಡುತ್ತಿದ್ದೆ ಎಂದು ಕೇಳುವುದಿಲ್ಲ. ಕೈಗವಸು ಹಾಕುವುದು, ತೆಗೆಯುವುದು. ಮಾದರಿ ಡಬ್ಬಿಗಳ ಪೆಟ್ಟಿಗೆಯ ಬಾಯಿ ತೆರೆಯುವುದು, ಮುಚ್ಚುವುದು. ಒಳಗೆ ಹೋದರೆ "ಏನೂ ಬೇಡ" ಎನ್ನುತ್ತಾರೆ ಎಂಬ ಭಯ. ಆಮೇಲೆ ಕಾರ್ಡು ತೆಗೆದು, ಕಂಡೆ, ಮಾತಾಡಿದೆ, ಸದ್ಯಕ್ಕೆ ಏನೂ ಬೇಡವಂತೆ ಎಂದು ಬರೆಯುವುದು. ಬರೆದ ಮೇಲೆ ಎದೆ ಹಗುರಾಗುತ್ತದೆ. ಆ ಹಗುರವೇ ಕೆಟ್ಟದ್ದು.

ಈಗ ನನ್ನ ಸಂಶಯ ಬೇರೆ ಕಡೆಗೆ ತಿರುಗಿದೆ. ಈ ಪತ್ರ ಓದಿ ನೀನೇನು ಮಾಡುತ್ತೀ? ಹತ್ತನೇ ತಾರೀಖಿನೊಳಗೆ ಆ ಊರುಗಳನ್ನೆಲ್ಲ ಒಮ್ಮೆ ಸುತ್ತಿ, ಎಲ್ಲರ ಬಾಯಲ್ಲೂ ನಿನ್ನ ಹೆಸರು ಕೂರಿಸಿ ಬರುತ್ತೀಯಾ? ಹಾಗೆ ಮಾಡಿದರೆ ರೋಲಂಡ್‌ಗೆ ಏನೂ ಸಿಗುವುದಿಲ್ಲ, ಕೆಲಸ ಉಳಿಯುತ್ತದೆ. ಡ್ವೇನ್‌ನ ಬೆನ್ನು ಹೀಗಿರುವಾಗ ಮನೆ ನಡೆಯುವುದು ಈ ಕೆಲಸದಿಂದ ಎಂದು ನನಗೆ ಗೊತ್ತಿಲ್ಲವೇ? ಆದರೆ ಕಳ್ಳತನಕ್ಕೆ ದೊಡ್ಡಮ್ಮನೇ ದೀಪ ಹಿಡಿದ ಹಾಗಾಗುತ್ತದೆ. ಅದಕ್ಕೇ ಒಂದು ಹಳೆಯ ಸಂಗತಿ ಹೇಳುತ್ತೇನೆ, ಕೇಳಿ ಆಮೇಲೆ ನಿನ್ನ ಮನಸ್ಸಿಗೆ ಬಂದಂತೆ ಮಾಡು.

ನಮ್ಮ ಕಂಪನಿಯಲ್ಲಿ ಒಬ್ಬರು ಮಾರಾಟ ಪ್ರತಿನಿಧಿ ಇದ್ದರು. ಹೆಸರು ಬೇಡ. ಎಪ್ಪತ್ತನಾಲ್ಕರ ಫೆಬ್ರವರಿ, ಒಂದು ಗುರುವಾರ. ಕಾರಿನ ಹೀಟರ್ ಕೆಟ್ಟು ಕಾಲ್ಬೆರಳು ಮರಗಟ್ಟಿದ್ದವು. ಆ ದಿನದ ಕೊನೆಯ ಗಿರಾಕಿ ಆಸ್ಟಾದ್ ಊರಿನ ಚರ್ಚು ನೋಡಿಕೊಳ್ಳುತ್ತಿದ್ದ ಹಾಲ್ವರ್. ಮದುವೆಯಿಲ್ಲದ ಒಂಟಿ ಮುದುಕ, ಹಿಡಿದರೆ ಗಂಟೆಗಟ್ಟಲೆ ಬಿಡುವವನಲ್ಲ. ಚರ್ಚಿನ ನೆಲಮಾಳಿಗೆಯ ಕಿಟಕಿಯಲ್ಲಿ ದೀಪ ಉರಿಯುತ್ತಿತ್ತು. ಇದ್ದಾನಲ್ಲ, ಸಾಕು ಎಂದುಕೊಂಡ ಅವರು ಕಾರಿನಿಂದ ಇಳಿಯಲೇ ಇಲ್ಲ. ಸ್ಟೀರಿಂಗ್ ಮೇಲೆ ಕಾರ್ಡಿಟ್ಟು ಬರೆದರು: "ಹಾಲ್ವರ್‌ನನ್ನು ಕಂಡೆ. ಕ್ಷೇಮ. ಮೇಣ ಸಾಕಷ್ಟಿದೆಯಂತೆ."

ಭಾನುವಾರ ಪ್ರಾರ್ಥನೆಗೆ ಬಂದವರಿಗೆ ಹಾಲ್ವರ್ ಸಿಕ್ಕಿದ್ದು ನೆಲಮಾಳಿಗೆಯ ಮೆಟ್ಟಿಲ ಕೆಳಗೆ. ಸೊಂಟ ಮುರಿದಿತ್ತು, ಪ್ರಾಣ ಹೋಗಿತ್ತು. ಬಿದ್ದದ್ದು ಬುಧವಾರವೋ ಗುರುವಾರವೋ ಎಂದು ಡಾಕ್ಟರಿಗೆ ಗೊತ್ತಾಗಲಿಲ್ಲ. ಗುರುವಾರ ಸಂಜೆ ಕಂಪನಿಯವರು ಕಂಡು ಮಾತಾಡಿಸಿದ್ದರಂತೆ ಎಂಬ ಸುದ್ದಿ ಹೋದ ಮೇಲೆ, ಹಾಗಾದರೆ ಅದಾದ ಮೇಲೇ ಬಿದ್ದಿರಬೇಕು ಎಂದು ತೀರ್ಮಾನವಾಯಿತು. ದೀಪ ಬುಧವಾರದಿಂದಲೂ ಉರಿಯುತ್ತಿತ್ತೇ, ಅವರು ಕಾರ್ಡು ಬರೆಯುವಾಗ ಹಾಲ್ವರ್ ಕೆಳಗೆ ಬಿದ್ದುಕೊಂಡೇ ಕಾರಿನ ಸದ್ದು ಕೇಳಿಸಿಕೊಂಡನೇ, ಯಾರಿಗೆ ಗೊತ್ತು?

ಮಣ್ಣು ಮಾಡಿದ ದಿನ ಅದೇ ನೆಲಮಾಳಿಗೆಯಲ್ಲಿ ಕಾಫಿ. ಹಾಲ್ವರ್‌ನ ತಂಗಿ ತಟ್ಟೆ ಹಿಡಿದುಕೊಂಡೇ ಹತ್ತಿರ ಬಂದಳು. "ಕೊನೇಗೆ ನೋಡಿದ್ದು ನೀವೇ ಅಂತೆ. ಏನಂದ ನಮ್ಮಣ್ಣ?" ಎಂದು ಕೇಳಿದಳು. ಆಗಲಾದರೂ ನಿಜ ಹೇಳಬಹುದಿತ್ತು. ಆ ಪ್ರತಿನಿಧಿ, "ಮೇಣ ಸಾಕಷ್ಟಿದೆ ಅಂದ್ರು" ಅಂದರು. "ನಗ್ತಾ ಇದ್ನಾ?" "ಹ್ಞೂಂ. ನಗ್ತಾ ಇದ್ರು." ಅವಳು ಕೈ ಹಿಡಿದುಕೊಂಡು ಎಷ್ಟು ಹೊತ್ತಾದರೂ ಬಿಡಲಿಲ್ಲ. ಹತ್ತು ವರ್ಷ ಪ್ರತಿ ಕ್ರಿಸ್ಮಸ್‌ಗೂ ಆ ಹೆಂಗಸಿನಿಂದ ಶುಭಾಶಯದ ಕಾರ್ಡು ಬರುತ್ತಿತ್ತು. ಕಂಪನಿಯಲ್ಲಿ ಯಾರಿಗೂ, ಯಾವತ್ತಿಗೂ ಗೊತ್ತಾಗಲಿಲ್ಲ. ಕೆಲಸ ಉಳಿಯಿತು.

ನೀನು ಹೀಗೆ ಯಾರನ್ನೂ ಸಾಯಿಸುತ್ತೀ ಎಂದಲ್ಲ ಮಗಳೇ. ಓರ್ಲಿನ್‌ಗೆ ಮೇಣ ಮುಗಿದಿದೆ, ಅಷ್ಟೇ. ನಾಳೆಯೇ ಹೋಗು. ಬಾಗಿಲು ತಟ್ಟು, ಡಬ್ಬಿಯ ಮೇಲೆ ಕೂತು ಅವನ ಬೈಗುಳ ಕೇಳು. ಅಲ್ಲಿಂದ ನೇರವಾಗಿ ರೋಲಂಡ್‌ನ ಬಳಿಗೆ ಹೋಗಿ, ಹತ್ತನೇ ತಾರೀಖಿನವರೆಗೆ ಕಾಯದೆ, ಯಾವ್ಯಾವ ಕಾರ್ಡು ಸುಳ್ಳು ಎಂದು ನೀನೇ ಎತ್ತಿ ಕೊಡು. ಅವನು ಕೂಗಾಡುತ್ತಾನೆ. ಕೆಲಸದಿಂದ ತೆಗೆದರೂ ತೆಗೆದಾನು. ಇಲ್ಲ ಎಂದು ನಾನು ಆಣೆ ಮಾಡಲಾರೆ.

ಹೋದೆ ಎಂದು ನೀನು ಬರೆದರೆ ನಾನು ನಂಬುವುದಿಲ್ಲ, ಕ್ಷಮಿಸು. ಓರ್ಲಿನ್‌ನ ಕುರ್ಚಿಯ ಹಿಂದೆ ಗೋಡೆಗೆ ಒಂದು ವಸ್ತು ನೇತುಹಾಕಿದೆ. ಒಳಗೆ ಹೋಗಿ ಕೂತವರಿಗೆ ಮಾತ್ರ ಕಾಣುತ್ತದೆ. ಅದೇನೆಂದು ಬರೆ.

ಮಕ್ಕಳಿಗೆ ಮುತ್ತು. ನಿನ್ನಮ್ಮನಿಗೆ ಈ ಪತ್ರ ತೋರಿಸಬೇಡ.

ನಿನ್ನ ಪ್ರೀತಿಯ
ಆರ್ಡಿಸ್ ದೊಡ್ಡಮ್ಮ

ಮರೆತ ಮಾತು: ಇದರೊಳಗೆ ಹಳದಿಗಟ್ಟಿದ ಒಂದು ಕಾರ್ಡು ಇದೆ, ಹುಷಾರಾಗಿ ತೆಗೆ, ಅಂಚು ಪುಡಿಯಾಗುತ್ತದೆ. ನಿವೃತ್ತಿಯ ದಿನ ಕಂಪನಿಯ ಡ್ರಾಯರಿನಿಂದ ಯಾರಿಗೂ ಹೇಳದೆ ತಂದದ್ದು. ನೆರೆಯ ದಿನ ಮನೆ ಬಿಡುವಾಗ ನನ್ನ ಮದುವೆಯ ಫೋಟೊ ಕೂಡ ಮರೆತೆ, ಇದನ್ನು ಮರೆಯಲಿಲ್ಲ. ಹಾಲ್ವರ್‌ನ ಹೆಸರಿನ ಕೆಳಗಿರುವ ಅಕ್ಷರ ಯಾರದೆಂದು ನಿನಗೆ ಹೇಳಬೇಕಾಗಿಲ್ಲ. ಪ್ರತಿ ಹುಟ್ಟುಹಬ್ಬಕ್ಕೂ ನೀನು ನೋಡಿದ ಅಕ್ಷರವೇ. ರೋಲಂಡ್‌ನ ಬಳಿಗೆ ಹೋಗುವಾಗ ನಿನ್ನ ಕಾರ್ಡುಗಳ ಜೊತೆ ಇದನ್ನೂ ಅವನ ಮೇಜಿನ ಮೇಲಿಡು. ಫೋನ್ ಮಾಡಬೇಡ, ಫೋನಿನಲ್ಲಿ ನಾವಿಬ್ಬರೂ ಚೆನ್ನಾಗಿ ಮಾತಾಡುತ್ತೇವೆ, ಮಾರುವವರಲ್ಲವೇ. ಎರಡೇ ಸಾಲಾದರೂ ಸಾಕು, ಬೇಗ ಬರೆ.