ನಮ್ಮ ಹುಡುಗ ಹೊಡೆದ ಗೋಲು

ಐವನ್,

ನಿನ್ನ ಜೊತೆ ಮಾತು ಬಿಟ್ಟಿದೀನಿ, ಅದಕ್ಕೇ ಇದನ್ನ ಕಳಿಸಲ್ಲ. ನಾವಿಬ್ರೂ ಫ್ಯಾನ್ ಆಗಿದ್ದ ನಮ್ಮ ಪುಟ್ಟ ಫುಟ್‌ಬಾಲ್ ಕ್ಲಬ್ ಬಿಟ್ಟು ನೀನು ಸೇರ್ಕೊಂಡ್ಯಲ್ಲ, ಆ ಶ್ರೀಮಂತ ಕ್ಲಬ್ಬು ಇವತ್ತು ನಮಗೆ ಐದು ಗೋಲು ಹೊಡೀತು. ಪಕ್ಕದೂರು ಶೋರ್‌ಲೈನಲ್ಲಿರೋ ನಿನ್ನ ಮನೇಲಿ ಕುಣಿದಾಡಿರ್ತೀಯ. ಆಟಗಾರರನ್ನ ಬೆಳೆಸೋದು ನಾವು, ದುಡ್ಡು ಬಿಸಾಕಿ ಎತ್ಕೊಂಡು ಹೋಗೋದು ನೀವು. ಇದಕ್ಕೊಂದು ಲೀಗ್ ಬೇರೆ ಕೇಡು!

ಕೊನೇ ಗೋಲು ಹೊಡೆದೋನು ಹೋದ ವರ್ಷ ನೀವು ಕೊಂಡ್ಕೊಂಡ ನಮ್ಮ ಸ್ಟ್ರೈಕರೇ. ಹಳೇ ಅಭ್ಯಾಸ, ಸೋಫಾದಿಂದ ಎದ್ದು “ನಮ್ಮ ಹುಡುಗ!” ಅಂತ ಕಿರುಚಿಬಿಟ್ಟೆ.

“ಡ್ಯಾಡಿ, ಹೀ ಲೆಫ್ಟ್ ಅಸ್” ಅಂದ್ಲು ಮಗಳು.

“ಕ್ಲಬ್ ಬಿಟ್ಟರೇನು, ನಮ್ಮೋನು ನಮ್ಮೋನೇ” ಅಂತ ರೇಗಿದೆ.

“ದೆನ್ ಐವನ್ ಅಂಕಲ್?”

ನಿನ್ನ ಮನೆಗೆ ಬರೋಕೆ ಶೋರ್‌ಲೈನ್ ಕಡೆ ಟ್ರಾಫಿಕ್ ಜಾಸ್ತಿ ಅಂದೆ. ಭಾನುವಾರ ಬೆಳಬೆಳಿಗ್ಗೆ.