ಯಲ್ಲಾರಿ ಕೇಳಿದ ಎರಡು ಪ್ರಶ್ನೆ

ಘಟಪ್ರಭಾ ಹೊಳೆದಂಡೆ, ಗೋಕಾಕ ತಾಲೂಕು
ತಾ. ೧೧ ಫೆಬ್ರುವರಿ ೧೯೧೮

ಚಿರಂಜೀವಿ ತಮ್ಮ ಯಲ್ಲಾರಿಗೆ,

ನಿನ್ನ ಅಣ್ಣ ಕೇದಾರಿ ಮಾಡುವ ಆಶೀರ್ವಾದ. ಅವ್ವ, ನಿನ್ನ ವೈನಿ ರಾಯವ್ವ, ನಾನು, ಮೂವರೂ ಉಂಡು ತಿಂದು ಆರಾಮ ಇದ್ದೇವೆ. ಸಮುದ್ರದಾಚೆ ಬಸರಾದಲ್ಲಿ ಸರಕಾರದ ದಂಡಿನ ದೋಣಿ ನಡೆಸುತ್ತಿರುವ ನೀನೂ ಹಾಗೇ ಇರಬೇಕೆಂದು ದೇವರ ಮುಂದೆ ದಿನಾ ಹೇಳಿಕೊಳ್ಳುತ್ತೇವೆ. ನಿನ್ನ ಕಾಗದ ದೀಪಾವಳಿಗೇ ಬಂದಿತ್ತು. ಉತ್ತರ ಬರೆಯಲು ನನಗೆ ಮೂರು ತಿಂಗಳು ಬೇಕಾಯಿತು, ಸಿಟ್ಟಾಗಬೇಡ. "ಊರ ಮಂದಿ ಕಾಗದಾ ಎಲ್ಲಾ ಬರದಕೊಡ್ತೀರಿ, ಒಡಹುಟ್ಟಿದವಗ ನಾಕ ಸಾಲ ಬರ್ಯಾಕ ನಿಮ್ಮ ಕೈಗೆ ಏನಾಗೇತ್ರಿ?" ಎಂದು ರಾಯವ್ವ ಚುಚ್ಚುತ್ತಲೇ ಇದ್ದಾಳೆ.

ಅಲ್ಲಿ ನಿನ್ನ ಕಾಗದ ಬರೆದುಕೊಟ್ಟ ಹುಕ್ಕೇರಿಯ ಶಿದ್ರಾಮ ಅವರ ಅಕ್ಷರ ಬಹಳ ಚೊಕ್ಕ. ಇದನ್ನೂ ಅವರೇ ನಿನಗೆ ಓದಿ ಹೇಳುತ್ತಾರೆಂದು ತಿಳಿದಿದ್ದೇನೆ. ಅವರಿಗೆ ನನ್ನ ಶರಣು ಹೇಳು.

ಅಲ್ಲಿಯ ದೊಡ್ಡ ಹೊಳೆಯಲ್ಲಿಯೂ ನಮ್ಮ ಹರಿಗೋಲಿನಂಥದೇ ದುಂಡು ದೋಣಿ ಇವೆ, ಚರ್ಮದ ಬದಲು ಡಾಂಬರು ಬಳಿದಿರುತ್ತಾರೆ ಎಂದು ನೀನು ಬರೆದದ್ದನ್ನು ಅವ್ವನಿಗೆ ಐದು ಸಲ ಓದಿ ಹೇಳಿದೆ. ಅವಳಿಗೆ ನಂಬಿಕೆಯೇ ಇಲ್ಲ. "ಡಾಂಬರ ಹಚ್ಚಿದ ಬುಟ್ಟಿ ಎಲ್ಲೆರೆ ತೇಲತೈತೇನೋ? ಅಂವಾ ನನ್ನ ನಗಸಾಕ ಬರದಾನ" ಎಂದಳು. ನಕ್ಕಳು ಕೂಡ. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ನೀನು ಎರಡು ಪ್ರಶ್ನೆ ಕೇಳಿದ್ದೀ. ಅಲ್ಲಿಯ ಮುದುಕ ಅಂಬಿಗನೊಬ್ಬ ತನ್ನ ಅಜ್ಜನೂ ದಂಡು ದಾಟಿಸಿದ, ಅಜ್ಜನ ಅಜ್ಜನೂ ದಾಟಿಸಿದ ಎಂದನಂತೆ. ಈ ಸೀಮೆಯಲ್ಲಿ ಯಾವ ಕಾಲಕ್ಕೆ ನೋಡಿದರೂ ಯುದ್ಧವೇ, ಯಾಕೆ ಅಣ್ಣಾ, ಇದು ಮೊದಲನೆಯದು. ಕರಾರು ಒಂದೇ ವರ್ಷದ್ದು ಎಂದು ನೀನೇ ಹೇಳಿದ್ದೆ, ವರ್ಷ ಮುಗಿದು ಎರಡು ತಿಂಗಳಾಯಿತು, ನನ್ನನ್ನು ಯಾಕೆ ಬಿಡಲೊಲ್ಲರು, ಇದು ಎರಡನೆಯದು. ಮೊದಲನೆಯದಕ್ಕೆ ಮೊದಲು ಹೇಳುತ್ತೇನೆ.

ಆ ಮಂದಿಯ ರಕ್ತವೇ ಬಿಸಿ, ಜಗಳಗಂಟರು ಎಂದು ಬರೆದು ಮುಗಿಸಿಬಿಡೋಣ ಎಂದುಕೊಂಡಿದ್ದೆ. ಆದರೆ ಹುಕ್ಕೇರಿ ಸಂತೆಗೆ ಹೋದಾಗ ಸಾಲಿಯಲ್ಲಿ ನನಗೆ ಅಕ್ಷರ ಕಲಿಸಿದ ಸತ್ಯಪ್ಪ ಮಾಸ್ತರರು ಕಂಡರು. ಈಗ ಪೆನ್ಶನ್ ಆಗಿ, ಊರ ಗುಮ್ಮಟದ ನೆರಳಿಗೆ ಕೂತು ಹೋಗಬರುವವರನ್ನೆಲ್ಲ ಬಯ್ಯುತ್ತಿರುತ್ತಾರೆ. ನನ್ನ ಉತ್ತರ ಹೇಳಿದೆನೋ ಇಲ್ಲವೋ, ಸಾಲಿಯಲ್ಲಿ ಬಯ್ದ ಹಾಗೆಯೇ ಬಯ್ದರು.

"ಲೇ ಕೇದಾರಿ, ಹಂಗಾರ ನಮ್ಮ ಮಂದಿ ರಕ್ತಾನೂ ಕುದೀತಿರಬೇಕಲಾ? ಬಿಜಾಪುರದವರ ದಂಡ ಇಲ್ಲೇ ಬಂತು, ದಿಲ್ಲಿಯವರದೂ ಇಲ್ಲೇ ಬಂತು. ಸವಣೂರವರು, ಪುಣೇದವರು, ಕೊಲ್ಲಾಪುರದವರು, ಯಾರ ಬಿಟ್ಟಾರ? ಗೋಕಾಕ ಕಿಲ್ಲೇದ ಮ್ಯಾಲೆ ಎಷ್ಟ ನಿಶಾನಿ ಹಾರ್‍ಯಾವು, ಎಷ್ಟ ಇಳದಾವು. ಇಲ್ಲಿ ಹುಟ್ಟಿದವ ಒಬ್ಬನರೆ ಯಾರದರೆ ರಾಜ್ಯಾ ಗೆಲ್ಲಾಕ ಹೋಗಿದ್ನೇನು? ಹೋಗಿ ನಿಮ್ಮ ಅವ್ವನ್ನ ಕೇಳು, ನಿಮ್ಮ ಮನಿತನದವರು ಯಾರ್ಯಾರ್ನ ದಾಟಿಸ್ಯಾರ ಅಂತ."

ಬಂದು ಅವ್ವನನ್ನು ಕೇಳಿದೆ. ಅವಳು ಜ್ವಾಳ ಹಸನು ಮಾಡುತ್ತಾ, ತನ್ನ ಅತ್ತೆಯಿಂದ ಕೇಳಿದ್ದನ್ನು ಹೇಳಿದಳು. "ದಂಡ ಬರಾಕತ್ತೇತಿ ಅಂತ ಸುದ್ದಿ ಬಂದ ಕೂಡ್ಲೆ ನಿಮ್ಮ ಮುತ್ತ್ಯಾ ಹರಗೋಲದ ಚರ್ಮಾ ಬಿಚ್ಚಿ ಉಸುಕಿನ್ಯಾಗ ಹುಗೀತಿದ್ನಂತ. ಬರೇ ಬುಟ್ಟಿ ಒಯ್ದು ಹೊಲದಾಗ ಬೋರಲ ಹಾಕಿದ್ರ ಅದರ ಬುಡಕ ಹೆಂಗಸ್ರು ಕುಂದರ್ತಿದ್ರಂತ. ಇವರು ಬಂದು, ಯಾಕ ದಾಟಸೂದಿಲ್ಲ ಅಂತ ಹೊಡಿಯವ್ರು. ದಾಟಿಸಿದ ಮ್ಯಾಲೆ ಅವರು ಬಂದು, ಇವರ್ನ ಯಾಕ ದಾಟಿಸಿದಿ ಅಂತ ಹೊಡಿಯವ್ರು. ನಮ್ಮ ಬೆನ್ನಿಗೆ ಯಾವ ರಾಜಾ ಆದ್ರೇನು?"

ಇದನ್ನೆಲ್ಲ ಕೂಡಿಸಿ ನೋಡಿದಾಗ ನನಗೆ ಹೊಳೆದದ್ದು ಇಷ್ಟು. ಇಲ್ಲಿ ಹೊಳೆ ಅಗಲವಾಗಿ, ಬಂಡೆಯ ಮೇಲೆ ತೆಳುವಾಗಿ ಹರಿಯುತ್ತದೆ. ಬೇಸಿಗೆಯಲ್ಲಿ ಕುದುರೆ ದಾಟುತ್ತದೆ, ಮಳೆಗಾಲದಲ್ಲಿ ಹರಿಗೋಲು. ದಂಡೆಯ ಎರೆಹೊಲದಲ್ಲಿ ಜ್ವಾಳ, ಕುದುರೆಗೆ ಕಣಿಕೆ. ರಾಜರೆಲ್ಲ ದೂರದವರು, ಅವರಿಗೆ ಬೇಕಾದದ್ದು ನಮ್ಮ ಊರಲ್ಲ, ನಮ್ಮ ಊರಿನ ಆಚೆಗಿದ್ದದ್ದು. ನಾನು ಹಿಡಿಯದಿದ್ದರೆ ಅವನು ಹಿಡಿಯುತ್ತಾನೆ ಎಂದು ಇಬ್ಬರಿಗೂ ಭಯ. ನಿನ್ನ ಕಾಗದ ನೋಡಿದರೆ ಅಲ್ಲಿಯೂ ಹಾಗೇ. ದೊಡ್ಡ ಹೊಳೆ, ಖರ್ಜೂರದ ತೋಟ, ಸಮುದ್ರಕ್ಕೆ ಹೋಗುವ ಹಾದಿ. ಪಾಪ, ಆ ಮುದುಕ ಅಂಬಿಗನ ಬೆನ್ನೂ ನಮ್ಮ ಮುತ್ತ್ಯಾನ ಬೆನ್ನಿನಂಥದೇ ಇರಬೇಕು. ಅವನಿಗೆ ನನ್ನ ಕಡೆಯಿಂದ ಕೈಮುಗಿ.

ಮುಂದಿನ ಸಂತೆಗೆ ಹೋದಾಗ ಮಾಸ್ತರರಿಗೆ ಇದನ್ನು ಒಪ್ಪಿಸಿದೆ. "ಈಗ ಬರೋಬರಿ ಅಂದಿ" ಎಂದರು. ನಮ್ಮ ಕಡೆ ದಂಡು ಬರುವುದು ಯಾಕೆ ನಿಂತಿತು ಎಂದು ಕೇಳಿದೆ. "ಎಲ್ಲೆ ನಿಂತೈತಿ? ರೈಲ ಸೇತುವಿ ಆತು, ನಿಮ್ಮ ಹರಗೋಲ ಬ್ಯಾಡಾತು. ಈಗ ದಂಡ ಮ್ಯಾಲಿಂದ ಹೋಗತೈತಿ, ಕೆಳಗ ಇದ್ದವರಿಗೆ ಗೊತ್ತ ಆಗೂದಿಲ್ಲ" ಎಂದರು. ಖರೆ, ನೀನೂ ಆ ಸೇತುವೆಯ ಮೇಲಿಂದಲೇ ಹೋದೆ. ಹಾಗಾದರೆ ಯಲ್ಲಾರಿ ಇದ್ದಲ್ಲಿ ಯುದ್ಧ ಯಾವಾಗ ಮುಗಿಯುತ್ತದೆ ಮಾಸ್ತರ್ರ, ಎಂದೆ. "ಅಂಥಾ ಜಾಗಾದಾಗ ಯುದ್ಧ ಮುಗಿಯೂದಿಲ್ಲೋ. ಸ್ವಲ್ಪ ಉಸರ ತಗೊಂಡು ಮತ್ತ ಏಳತೈತಿ" ಎಂದರು. ಸಂತೆಯ ಸಾಮಾನು ಅರ್ಧ ಮರೆತು ಬಂದು ರಾಯವ್ವನ ಕೈಯಲ್ಲಿ ಬಯ್ಸಿಕೊಂಡೆ.

ಮನೆಯ ಸುದ್ದಿ ಹೇಳುತ್ತೇನೆ. ಬೂದಿ ಎಮ್ಮೆ ಈದಿದೆ, ಹೆಣ್ಣುಗರು. ಹೋದ ಶ್ರಾವಣದಲ್ಲಿ ಅವ್ವ ನನ್ನನ್ನು ಮೂಡಲಗಿಗೆ ಅಟ್ಟಿ ಒಂದು ಹೊಸ ಎಮ್ಮೆಚರ್ಮ ತರಿಸಿದಳು. "ವರ್ಷ ತುಂಬಿತು, ಯಲ್ಲಾರಿ ಬರತಾನ, ಹಳೇ ಹರಗೋಲದಾಗ ಹೆಂಗ ಕುಂದರಸ್ಲಿ" ಎಂದಳು. ಚರ್ಮಕ್ಕೆ ಪ್ರತಿ ಸೋಮವಾರ ತಾನೇ ಎಣ್ಣೆ ತಿಕ್ಕುತ್ತಾಳೆ, ನನಗೆ ಮುಟ್ಟಲು ಕೊಡುವುದಿಲ್ಲ. ಸೇತುವೆಯ ಮೇಲೆ ರೈಲು ಬಂದರೆ ಮಾಡುವ ಕೆಲಸ ಬಿಟ್ಟು ಎದ್ದು ನಿಲ್ಲುತ್ತಾಳೆ. ಮೊನ್ನೆ ನನ್ನ ಮುಖವನ್ನೇ ನೋಡುತ್ತಾ, "ಸಾಲಿ ಕಲ್ತವ ನೀ, ಹೇಳಪಾ, ವರ್ಷ ಅಂದ್ರ ಎಷ್ಟ ತಿಂಗಳೋ?" ಎಂದು ಕೇಳಿದಳು. ಹೊಳೆಯ ಕಡೆ ಕೆಲಸವಿದೆ ಎಂದು ಎದ್ದು ಹೋದೆ.

ನಿನ್ನನ್ನು ಬಹಳ ನೆನೆಯುತ್ತೇನೆ ಯಲ್ಲಾರಿ. ನೀನಿಲ್ಲದೆ ಹರಿಗೋಲು ನನ್ನ ಮಾತು ಕೇಳುವುದಿಲ್ಲ. ನಾನೊಬ್ಬನೇ ಹುಟ್ಟು ಹಾಕಿದರೆ ನಡುಹೊಳೆಯಲ್ಲಿ ಗರಗರ ತಿರುಗುತ್ತದೆ. ಕೂತವರು ನಗುತ್ತಾರೆ, "ಸಣ್ಣವ ಇರಬೇಕಿತ್ತು" ಎನ್ನುತ್ತಾರೆ. ಕೈ ನಿನ್ನದು, ಅಕ್ಷರ ನನ್ನದು ಎಂದು ಅಪ್ಪ ಹಂಚಿಕೊಟ್ಟಿದ್ದ. ಆ ಅಕ್ಷರದ ಮೇಲೆ ನನಗೆ ಎಷ್ಟು ಸೊಕ್ಕಿತ್ತು ನಿನಗೆ ಗೊತ್ತು.

ಮೈ ನೋಡಿಕೋ. ಆ ಹೊಳೆಯ ಸೆಳವು ನಮ್ಮದರಂತೆ ಅಂದುಕೊಳ್ಳಬೇಡ. ದೇವರು ನಿನ್ನ ಕೈಗೆ ಬಲ ಕೊಡಲಿ, ನಿನ್ನನ್ನು ಈ ದಂಡೆಗೆ ಮುಟ್ಟಿಸಲಿ.

ನಿನ್ನ ಅಣ್ಣ,
ಕೇದಾರಿ

ತಾ. ಕ.: ಕಾಗದಕ್ಕೆ ಅಂಟು ಹಚ್ಚಿ, ಮತ್ತೆ ಬಿಚ್ಚಿದ್ದೇನೆ. ಎರಡನೇ ಪ್ರಶ್ನೆಗೆ ಉತ್ತರ ಹೇಳದೆ ಕಳಿಸಲು ಆಗಲಿಲ್ಲ.

ಅವತ್ತು ಚಾವಡಿಯಲ್ಲಿ ಸರಕಾರದವರು ದಂಡಿಗೆ ಅಂಬಿಗರ ಮನೆಯಿಂದ ಒಬ್ಬ ಬೇಕು ಎಂದಾಗ ಮೊದಲು ಕರೆದದ್ದು ನನ್ನ ಹೆಸರು, ನಿನಗೆ ನೆನಪಿರಬೇಕು. ಓದಲು ಬರುತ್ತದೆಂದು ಕರಾರಿನ ಕಾಗದವನ್ನು ನನ್ನ ಕೈಗೇ ಕೊಟ್ಟರು. "ಏನ ಬರದಾರೋ ಅಣ್ಣಾ?" ಎಂದು ನೀನು ಕೇಳಿದೆ. ನಾನು ಸಾಲಿನ ಕೆಳಗೆ ಬೆರಳಿಟ್ಟು, "ಒಂದ ವರ್ಷ" ಎಂದೆ. "ಇಷ್ಟ ಹೌದಲ್ಲೋ? ನೀ ಅವ್ವನ್ನ ನೋಡ್ಕೊ, ನಾ ಹೋಗಿ ಬರ್ತೀನಿ" ಎಂದು ನಕ್ಕು ಹೆಬ್ಬೆಟ್ಟು ಒತ್ತಿದೆ.

ಆ ಕಾಗದದಲ್ಲಿ ಒಂದು ವರ್ಷ ಎಂಬ ಮಾತೇ ಇರಲಿಲ್ಲ. ಯುದ್ಧ ನಡೆದಿರುವವರೆಗೆ, ಮುಗಿದ ಮೇಲೆ ಇನ್ನೂ ಆರು ತಿಂಗಳು ಎಂದು ಕನ್ನಡದಲ್ಲಿ ಸ್ಪಷ್ಟ ಬರೆದಿತ್ತು. ನಾನು ಸರಿಯಾಗಿಯೇ ಓದಿದ್ದೆ. ನನಗೆ ಹೆದರಿಕೆಯಾಗಿತ್ತು, ಬೇರೆ ಯಾವ ಕಾರಣವೂ ಇರಲಿಲ್ಲ. ಅವ್ವನಿಗೆ ಇನ್ನೂ ಹೇಳಿಲ್ಲ. ಇದು ನಿನಗೆ ಮುಟ್ಟುವುದರೊಳಗೆ ಹೇಳುತ್ತೇನೆ.

ಶಿದ್ರಾಮ ಅವರೇ, ನಿಮ್ಮ ಕಾಲಿಗೆ ಬಿದ್ದು ಕೇಳಿಕೊಳ್ಳುತ್ತೇನೆ. ನನ್ನ ತಮ್ಮನಿಗೆ ಓದಲು ಬರುವುದಿಲ್ಲ. ಅವನು ನಿಮ್ಮ ಎದುರಿಗೆ ಕೂತು ನಿಮ್ಮ ಬಾಯನ್ನೇ ನೋಡುತ್ತಿರುತ್ತಾನೆ. ಅವನ ಮುಖ ನೋಡಿ ಈ ನಾಲ್ಕು ಸಾಲು ಬಿಟ್ಟುಬಿಡೋಣ ಎಂದು ನಿಮಗೆ ಅನ್ನಿಸಬಹುದು. ಬಿಡಬೇಡಿ. ಬರೆದದ್ದನ್ನು ಬರೆದ ಹಾಗೆಯೇ ಓದಿ.