ಬನ್ಸ್ ಇಲ್ಲದ ಜೇಬು

ಕುರ್ಲಾ,
ಜೂನ್ ಹನ್ನೆರಡು

ಗಲ್ಲಾದ ಹಿಂದೆ ಕೂತಿರುವ ಸುಕೇಶನಿಗೆ,

ಮಹಾದೇವಿಯ ನಮಸ್ಕಾರ. ‘ಪ್ರೀತಿಯ’ ಅಂತ ಬರೆದಿಲ್ಲ, ಹುಡುಕಬೇಡ.

ನಿನ್ನ ಮೆಸೇಜುಗಳೆಲ್ಲ ಬಂದಿವೆ. ಬಾಂದ್ರಾದ ಮದುವೆಯಲ್ಲಿ ಏನೂ ಆಗಲೇ ಇಲ್ಲವಂತೆ, ನಾನೇ ದೊಡ್ಡದು ಮಾಡಿದೆನಂತೆ. ನಿನಗೆ ಬೇಕಾದಾಗ ಮರೆವು ಬರುತ್ತದೆ, ಗೊತ್ತು. ಅದಕ್ಕೇ ಆದದ್ದನ್ನು ಆದ ಹಾಗೆ ಬರೆಯುತ್ತಿದ್ದೇನೆ.

ಏಪ್ರಿಲ್‌ನಲ್ಲಿ ನನಗೆ ಆಗಷ್ಟೇ ಹದಿನೆಂಟು ತುಂಬಿತ್ತು. ಮರೆಪ್ಪ ಮಾಮಾ ಮದುವೆ ಮೆರವಣಿಗೆಗಳಿಗೆ ಬಾಡಿಗೆ ಕೊಡುವ ಕುದುರೆ ಚಾಂದನಿಯ ಮೇಲೆ ಕೂತು ಬೆಳಿಗ್ಗೆ ಮೈದಾನಕ್ಕೆ ಹೊರಟರೆ, ನಿಮ್ಮ ಹೋಟೆಲಿನ ಮೂಲೆಯಲ್ಲಿ ನೀನು ಹಲ್ಲು ಕಿರಿದು ನಿಂತಿರುತ್ತಿದ್ದೆ. ಜೇಬಿನಲ್ಲಿ ಬಾಳೆಹಣ್ಣಿನ ಬಿಸಿ ಬನ್ಸ್.

“ಮಾರಾಯ್ತಿ, ಜೀನು ಇಲ್ಲದೆ ಕೂತ್ಕೊಳ್ತೀಯಲ್ಲ, ನಿಂಗೆ ಹೆದ್ರಿಕೆಯೇ ಇಲ್ವಾ?” ಅಂದೆ ನೀನು.

ಊರಲ್ಲಿ ಎಲ್ಲರೂ ನನಗೆ ಗಂಡುಬೀರಿ ಅಂದವರೇ. ಮೆಚ್ಚಿ ಮಾತಾಡಿದವನು ನೀನೊಬ್ಬ. ಅಷ್ಟಕ್ಕೇ ಕರಗಿದೆ. ಎಷ್ಟು ಅಗ್ಗಕ್ಕೆ ಸಿಕ್ಕೆ ನೋಡು.

ನನಗೊಂದು ಬನ್ಸ್, ಚಾಂದನಿಗೊಂದು. ಮೊದಲ ದಿನವೇ ಹೇಳಿದ್ದೆ: “ಮದುವಿ ಕುದುರಿಗೆ ಹೊರಗಿನವ್ರು ಕೈಲೆ ತಿನಿಸಬಾರದು. ಬೆನ್ನು ಹತ್ತತೈತಿ.”

“ನೀನು ಬೆನ್ನು ಹತ್ತಿದ್ರೆ ಸಾಕು ನಂಗೆ,” ಅಂದೆ ನೀನು. ಸಿನಿಮಾದವನ ಹಾಗೆ ಕೂದಲು ಬೇರೆ ಹಿಂದಕ್ಕೆ ತಳ್ಳಿಕೊಂಡೆ. ನಾನು ನಕ್ಕೆ. ಮತ್ತೆ ನಿನ್ನನ್ನು ತಡೆಯಲಿಲ್ಲ. ಬೇಸಿಗೆಯೆಲ್ಲ ಹಾಗೇ ಹೋಯಿತು. ನೀನೊಮ್ಮೆ ಕುದುರೆ ಹತ್ತಿ, ಕಣ್ಣು ಮುಚ್ಚಿ, ಊರ ದೈವಗಳನ್ನೆಲ್ಲ ಕರೆದೆಯಲ್ಲ, ಅದನ್ನೂ ನಾನು ಯಾರಿಗೂ ಹೇಳಲಿಲ್ಲ.

ಅಷ್ಟರಲ್ಲಿ ನಿನ್ನ ಅಣ್ಣ ನವೀನನ ಮದುವೆ ಬಂತು. ಕುದುರೆ ಮೆರವಣಿಗೆ ನಿಮ್ಮ ಕರಾವಳಿ ಕಡೆಯ ಪದ್ಧತಿಯೇ ಅಲ್ಲ. ಪಕ್ಕದ ಬಿಲ್ಡಿಂಗಿನವರು ಮಾಡಿದರು, ನಿಮಗೂ ಬೇಕಾಯಿತು. ನಮ್ಮ ಕುದುರೆಯನ್ನೇ ಗೊತ್ತು ಮಾಡಿದರು.

ಮಾಮಾ ನನಗೆ ಹೇಳಿದ: “ಈ ಒಂದು ಮೆರವಣಿಗಿ ನೆಟ್ಟಗ ಮುಗಿಸು, ಲಗಾಮು ನಿನ್ನ ಕೈಯಾಗ. ಹಾದಿ ತಪ್ಪಿತಂದ್ರ ಊರಿಗೆ ನಡಿ. ಅಲ್ಲಿ ಶಾಂತಪ್ಪ ಬಾಸಿಂಗ ಕಟ್ಕೊಂಡs ಕುಂತಾನ.”

ಇದು ನಿನಗೆ ಗೊತ್ತಿತ್ತು. ಹಿಂದಿನ ದಿನವೇ ಹೇಳಿದ್ದೆ. “ನಾನಿದ್ದೇನಲ್ಲ,” ಅಂದಿದ್ದೆ ನೀನು.

ಇದ್ದೆ, ಹೌದು. ಕೋಟು ಹಾಕಿಕೊಂಡು ಬ್ಯಾಂಡಿನವರ ನಡುವೆ ಇದ್ದೆ. ಪೇಟ ಸುತ್ತಿ ಲಗಾಮು ಹಿಡಿದು ನಿಂತ ನನ್ನನ್ನು ನೋಡಿ ನಿನ್ನ ದೊಡ್ಡಮ್ಮ ಶೀಲಾವತಿ, “ಎಂತ ಇದು, ಹುಡುಗಿಯಾ? ಯಾರಿವಳು?” ಅಂದರು. ನೀನು ಆಕಾಶ ನೋಡಿದೆ. ಆಮೇಲೆ ನನ್ನ ಕಡೆ ಬೆರಳು ಚಿಟಿಕೆ ಹೊಡೆದು, “ಏ ಘೋಡೇವಾಲೀ, ಪೀಛೇ ಲೇ!” ಅಂದೆ.

ಕುದುರೆಯವಳಾಗಿ ನಾನು ಹಿಂದೆ ಸರಿದೆ. ಚಾಂದನಿ ಸರಿಯಲಿಲ್ಲ. ಅವಳಿಗೆ ನಿನ್ನ ಗುರುತು ಸಿಕ್ಕಿತ್ತು. ಬ್ಯಾಂಡನ್ನು ಬಿಟ್ಟು, ನವೀನಣ್ಣನನ್ನು ಹೊತ್ತುಕೊಂಡೇ ನಿನ್ನ ಹಿಂದೆ ಬಂದಳು. ಲಗಾಮು ಹಿಡಿದ ನಾನು ಜೋಲಿ ಹೊಡೆಯುತ್ತ ಅವಳ ಜೊತೆಗೆ. ನೀನು ಅತ್ತೆಯರ ಹಿಂದೆ ಅಡಗಿದೆ, ಅಲ್ಲಿಗೂ ಬಂದಳು. ಕಾರಿನ ಮರೆಗೆ ಹೋದೆ, ಅಲ್ಲಿಗೂ. ಕೊನೆಗೆ ನಿನ್ನ ಕೋಟಿನ ಜೇಬಿಗೆ ಮೂತಿ ಹಾಕಿ ನಿಂತೇಬಿಟ್ಟಳು. ಮೇಲಿಂದ ನವೀನಣ್ಣ, “ಅಮ್ಮಾ, ನನ್ನನ್ನು ಇಳಿಸಿ!” ಅಂತ ಕಿರುಚುತ್ತಿದ್ದ.

ಮಾಮಾ ಓಡಿ ಬಂದ. ನಿನ್ನನ್ನೇ ಕೇಳಿದ: “ತಮ್ಮಾ, ಇದಕ್ಕ ನೀ ಏನರ ತಿನಿಸಿಯೇನು?”

“ಛೆ, ನಾನು ಕುದುರೆಯ ಹತ್ರವೇ ಹೋದವನಲ್ಲ. ಈ ಹುಡುಗಿ ಯಾರಂತಲೂ ಗೊತ್ತಿಲ್ಲ.”

ಆ ಮಾತು ಹೇಳುವಾಗ ಕುದುರೆಯ ಜೊಲ್ಲು ನಿನ್ನ ಕೋಟಿನಿಂದ ಬೂಟಿಗೆ ಇಳಿಯುತ್ತಿತ್ತು. ನಾನು ಸುಮ್ಮನಿದ್ದಿದ್ದರೆ ಕುದುರೆಗೆ ಹುಚ್ಚು ಅನ್ನುತ್ತಿದ್ದರು. ಸುಮ್ಮನಿರಲಿಲ್ಲ.

“ತಿನಿಸ್ಯಾನ ಮಾಮಾ. ದಿನಾ ತಿನಿಸ್ಯಾನ. ನಾನs ಮುಂದ ನಿಂತು ನೋಡೀನಿ,” ಅಂದೆ. ಮಾಮಾನ ಮುಖ ನೋಡುವ ಧೈರ್ಯ ಇರಲಿಲ್ಲ. ಊರಿನ ರೈಲು ಕಣ್ಣ ಮುಂದೆ ಬಂತು. ಬಂದರೆ ಬರಲಿ, ಮೊದಲು ಮೆರವಣಿಗೆ ಮುಗಿಯಲಿ ಅಂದುಕೊಂಡೆ. ನಿನಗೆ ಹೇಳಿದೆ: “ಜೇಬಿನಾಗ ಕೈ ಹಾಕು. ಮದುವಿ ಹಾಲ್ ಬರೂತನ ಮುಂದ ನಡಿ. ಹಿಂದ ನೋಡಬ್ಯಾಡ.”

ನಡೆದೆ. ಮದುಮಗನಿಗಿಂತ ಮುಂದೆ ನೀನು, ನಿನ್ನ ಖಾಲಿ ಜೇಬನ್ನು ನಂಬಿ ಚಾಂದನಿ, ನಿಮ್ಮಿಬ್ಬರ ಹಿಂದೆ ನಿಮ್ಮ ಇಡೀ ಬಳಗ ಹೊಟ್ಟೆ ಹಿಡಿದು ನಗುತ್ತ. “ಸುಕೇಶ, ನಿಂಗೆ ಹೆಣ್ಣು ಸಿಕ್ಕಿತಲ್ಲ ಮಾರಾಯ!” ಅಂತ ಒಬ್ಬರು ಕೂಗಿದರು. ಮುಹೂರ್ತ ತಪ್ಪಲಿಲ್ಲ. ಬೇಸಿಗೆಯಲ್ಲಿ ನೀನು ಮಾಡಿದ ಒಂದೇ ಕೆಲಸ ಅದು.

ಮಾಮಾ ಕುದುರೆಯ ಅಲಂಕಾರ ಬಿಚ್ಚಿದ. ಸಾಮಾನೆಲ್ಲ ಟೆಂಪೊಗೆ ಹಾಕಿ, ಲಗಾಮನ್ನು ನನ್ನ ಕೈಗೆ ಕೊಟ್ಟ. “ಹತ್ತಿ ಬಾ. ಶಾಂತಪ್ಪನ ಮನಿಗೆ ಹುಡುಗಿ ಬರೂದಿಲ್ಲಂತ ನಾ ಫೋನ್ ಹಚ್ತೀನಿ. ಮತ್ತ ಯಾರರ ಬನ್ಸ್ ತಂದ್ರ, ನೀನs ತಿನ್ನು. ಕುದುರಿಗೆ ಬ್ಯಾಡ.”

ಬಿಸಿಲಲ್ಲಿ ಬಾಂದ್ರಾದಿಂದ ಕುರ್ಲಾಕ್ಕೆ ಒಬ್ಬಳೇ ಬಂದೆ. ದಾರಿಯ ಗಾಜಿನ ಬಿಲ್ಡಿಂಗುಗಳಲ್ಲಿ ಬಿಳಿ ಕುದುರೆ ಕಾಣುತ್ತಿತ್ತು, ಮೇಲೆ ನಾನು. ನಿನ್ನ ನೆನಪು ಅಷ್ಟೇನೂ ಬರಲಿಲ್ಲ.

ಈಗ ಬರೆದಿದ್ದೀಯ: ಮನೆಯವರಿಗೆ ಮೆಲ್ಲ ಹೇಳುತ್ತೇನೆ, ನೀನು ಕುದುರೆ ಬಿಡು, ಗಲ್ಲಾದಲ್ಲಿ ಕೂರಿಸುತ್ತೇನೆ. ಕೂರಿಸುವವನು ನೀನು! ಹತ್ತಿಸಿದರೆ ಕಣ್ಣು ಮುಚ್ಚುವವನು, ಕೇಳಿದರೆ ಆಕಾಶ ನೋಡುವವನು. ನನ್ನನ್ನು ಗುರುತಿಸಲು ನಿನಗೆ ದೊಡ್ಡಮ್ಮನ ಅಪ್ಪಣೆ ಬೇಕು. ಚಾಂದನಿಗೆ ಯಾರ ಅಪ್ಪಣೆಯೂ ಬೇಕಾಗಲಿಲ್ಲ.

ಗಲ್ಲಾ ನಿನಗೇ ಇರಲಿ. ಇನ್ನು ಮೆಸೇಜು ಬೇಡ.

ಲಗಾಮು ಹಿಡಿದಿರುವ,
ಮಹಾದೇವಿ

ತಾ.ಕ.: ಚಾಂದನಿ ಈಗಲೂ ನಿಮ್ಮ ಹೋಟೆಲಿನ ಮೂಲೆ ಬಂದರೆ ನಿಲ್ಲುತ್ತಾಳೆ, ಎಷ್ಟು ಎಳೆದರೂ ಕದಲುವುದಿಲ್ಲ. ಅದಕ್ಕೇ ಈಗ ಸುತ್ತು ಹಾಕಿ ಮಸೀದಿ ಹಿಂದಿನ ಗಲ್ಲಿಯಿಂದ ಹೋಗುತ್ತೇನೆ. ಅವಳಿಗೋಸ್ಕರ. ನಿನ್ನೆ ಅವಳನ್ನು ಲಾಯದಲ್ಲೇ ಕಟ್ಟಿ ಕಾಲ್ನಡಿಗೆಯಲ್ಲಿ ಹೊರಟಿದ್ದೆ, ಆದರೂ ಗಲ್ಲಿಯಿಂದಲೇ ಹೋದೆ.